ಕೆಪಾಸಿಟರ್ ಹಿಗ್ಗಿದರೂ ಅಡಗದ ಹಮ್

ವಾಲ್ವ್ (ನಿರ್ವಾತ ಕೊಳವೆ) ಆಂಪ್ಲಿಫೈಯರ್ ಗುಂಯ್‌ಗುಟ್ಟಿದ ಕೂಡಲೇ ಅದರ ವೋಲ್ಟೇಜಿನ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರನ್ನು ಇನ್ನಷ್ಟು ದೊಡ್ಡದು ಮಾಡಿ ಎನ್ನುವವರೇ ಹೆಚ್ಚು. ಸಲಹೆ ಪೂರ್ತಿ ಸುಳ್ಳೇನಲ್ಲ. ಆದರೆ ಹಾಗೆ ಮಾಡಿದ ಮೇಲೆ ಆ ಗುಂಯ್ ಸದ್ದು, ಅಂದರೆ ಹಮ್, ಕೆಲವೊಮ್ಮೆ ಹೆಚ್ಚುವುದೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

1920ರ ದಶಕದ ಆರಂಭದ ರೇಡಿಯೊಗಳಲ್ಲಿ ವಾಲ್ವಿನ ಪ್ಲೇಟಿಗೆ ಬೇಕಾದ ಅಧಿಕ ವೋಲ್ಟೇಜು ಬಹುಪಾಲು ಬ್ಯಾಟರಿಯಿಂದ ಬರುತ್ತಿದ್ದುದರಿಂದ ಈ ಕಾಟ ಇರಲಿಲ್ಲ. ಮೇನ್ಸ್ ವಿದ್ಯುತ್ತಿನೊಡನೆ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುವ ರೆಕ್ಟಿಫೈಯರ್ ಬಂತು, ಅದರ ಬೆನ್ನಿಗೇ ರಿಪಲ್, ಅಂದರೆ ವೋಲ್ಟೇಜಿನಲ್ಲಿ ಉಳಿದುಹೋಗುವ ಏರಿಳಿತ, ಬಂತು. 50 ಹರ್ಟ್ಸ್ ಮೇನ್ಸಿನಲ್ಲಿ ಪೂರ್ಣತರಂಗ ರೆಕ್ಟಿಫೈಯರ್ ಉಳಿಸುವ ರಿಪಲ್ 100 ಹರ್ಟ್ಸಿನದು. 100 ಮಿಲಿಆಂಪಿಯರ್ ಎಳೆಯುವ ಮಂಡಲಕ್ಕೆ 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದೇ ಇದ್ದರೆ ವೋಲ್ಟೇಜು ಸುಮಾರು 20 ವೋಲ್ಟಿನಷ್ಟು ಏರಿಳಿಯುತ್ತದೆ.

ಇಲ್ಲಿ ನಿಜವಾಗಿ ದುಡಿಯುವುದು ಚೋಕ್, ಅಂದರೆ ಕಬ್ಬಿಣದ ತಿರುಳಿಗೆ ಸುತ್ತಿದ ತಂತಿಯ ಸುರುಳಿ. 10 ಹೆನ್ರಿಯ ಚೋಕ್ 100 ಹರ್ಟ್ಸಿಗೆ ಸುಮಾರು 6,300 ಓಮ್‌ನಷ್ಟು ಅಡ್ಡಿಯೊಡ್ಡುತ್ತದೆ, ನೇರ ವಿದ್ಯುತ್ತಿಗಾದರೋ ತನ್ನ ಸುರುಳಿಯ ಕೆಲವು ನೂರು ಓಮ್ ಮಾತ್ರ. ಅಷ್ಟೇ ಅಡ್ಡಿಯನ್ನು ರೆಸಿಸ್ಟರಿನಿಂದ ಪಡೆಯಹೊರಟರೆ ಆ 100 ಮಿಲಿಆಂಪಿಯರಿಗೆ 630 ವೋಲ್ಟ್ ಅದರಲ್ಲೇ ಕಳೆದುಹೋಗುತ್ತದೆ! ಚೋಕ್‌ನ ನಂತರ ಇನ್ನೊಂದು 47 ಮೈಕ್ರೋಫ್ಯಾರಡ್ ಇಟ್ಟರೆ ರಿಪಲ್ 180ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹಾಗಾದರೆ ಮೊದಲ ಕೆಪಾಸಿಟರನ್ನು ಹಿಗ್ಗಿಸಿದರೆ ಕೆಡುಕೇನು? ರೆಕ್ಟಿಫೈಯರ್ ಅದನ್ನು ತುಂಬುವುದು ತರಂಗದ ತುದಿಯಲ್ಲಿ ಮಾತ್ರ: ಸದಾ ಸೋರುವ ತೊಟ್ಟಿಯನ್ನು ಆಗೊಮ್ಮೆ ಈಗೊಮ್ಮೆ ಕೊಡ ಬಗ್ಗಿಸಿ ತುಂಬಿದ ಹಾಗೆ. ಕೆಪಾಸಿಟರ್ ದೊಡ್ಡದಾದಷ್ಟೂ ಆ ವಿದ್ಯುತ್ ಬಡಿತ ಕಿರಿದಾಗಿ, ಎತ್ತರವಾಗುತ್ತದೆ. ಅರ್ಧ ಆಂಪಿಯರಿನ ಬಡಿತವೊಂದು 0.02 ಓಮ್‌ನ ಗ್ರೌಂಡ್ ತಂತಿಯಲ್ಲಿ ಹರಿದರೆ ಅಲ್ಲಿ 10 ಮಿಲಿವೋಲ್ಟ್ ಹುಟ್ಟುತ್ತದೆ. ಗ್ರಾಮಫೋನಿನ ಮೂವಿಂಗ್ ಮ್ಯಾಗ್ನೆಟ್ ಪಿಕಪ್ ಕೊಡುವ ಸಂಕೇತವೇ ಸುಮಾರು 5 ಮಿಲಿವೋಲ್ಟ್. ಈ ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುವ ಪ್ರೀಆಂಪ್ ಅದೇ ತಂತಿಗೆ ಅಂಟಿಕೊಂಡಿದ್ದರೆ ಪವರ್ ಸಪ್ಲೈ ಎಷ್ಟೇ ಶುದ್ಧವಾಗಿದ್ದರೂ ಸ್ಪೀಕರಿನಲ್ಲಿ ಹಮ್ ಕೇಳುತ್ತದೆ. ಆದ್ದರಿಂದ ಮೊದಲ ಕೆಪಾಸಿಟರಿನ ಋಣ ತುದಿಯನ್ನು ಟ್ರಾನ್ಸ್‌ಫಾರ್ಮರಿನ ನಡುತುದಿಗೆ (ಸೆಂಟರ್ ಟ್ಯಾಪಿಗೆ) ನೇರವಾಗಿ, ಗಿಡ್ಡ ತಂತಿಯಲ್ಲಿ ಸೇರಿಸಬೇಕು. ಸಂಕೇತದ ಗ್ರೌಂಡನ್ನು ಕೊನೆಯ ಕೆಪಾಸಿಟರಿನಿಂದ ತೆಗೆಯಬೇಕು. ಕಾಸು ಖರ್ಚಿಲ್ಲದ ಈ ಬದಲಾವಣೆಯನ್ನೇ ಜನ ಕೊನೆಗೆ ಮಾಡುವುದು ವಿಚಿತ್ರ.

ವಾಲ್ವ್ ರೆಕ್ಟಿಫೈಯರಿಗಂತೂ ಮಿತಿಯೇ ಇದೆ: ಜಿಝಡ್34 ಎಂಬ ರೆಕ್ಟಿಫೈಯರ್ ವಾಲ್ವಿನ ನಂತರದ ಮೊದಲ ಕೆಪಾಸಿಟರ್ 60 ಮೈಕ್ರೋಫ್ಯಾರಡ್ ಮೀರಬಾರದು. ಸಿಲಿಕಾನ್ ಡಯೋಡಿಗೆ ಆ ಕಟ್ಟು ಸಡಿಲ, ಆದರೆ ಅದು ತಟ್ಟನೆ ಮುಚ್ಚುವಾಗ ಟ್ರಾನ್ಸ್‌ಫಾರ್ಮರಿನ ಸುರುಳಿ ಕಂಪಿಸಿ ಕಿರ್ರೆನ್ನುವ ಸದ್ದು ಸೇರಬಹುದು. ಸುರುಳಿಗೆ ಅಡ್ಡಲಾಗಿ ರೆಸಿಸ್ಟರ್ ಮತ್ತು ಸಣ್ಣ ಕೆಪಾಸಿಟರನ್ನು ಸರಣಿಯಲ್ಲಿ ಹಾಕಿದರೆ ಅದು ಅಡಗುತ್ತದೆ.

ಇಷ್ಟಕ್ಕೆ ಕೈಹಾಕುವ ಮೊದಲು ಕಿವಿಗೊಟ್ಟು ಕೇಳಬೇಕು. ಸದ್ದು 50 ಹರ್ಟ್ಸಿನ ಮಂದ್ರವಾಗಿದ್ದರೆ ಹೆಚ್ಚಾಗಿ ಅದು ವಾಲ್ವನ್ನು ಬಿಸಿಮಾಡುವ ಹೀಟರಿನ ತಂತಿಗಳಿಂದ ಅಥವಾ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದಿಂದ ಬಂದಿರುತ್ತದೆ, ಅಧಿಕ ವೋಲ್ಟೇಜಿನ ಫಿಲ್ಟರಿಗೆ ಅದು ದಕ್ಕುವುದಿಲ್ಲ.