ಸಿಮೆಂಟ್ ಕಮ್ಮಿ ಇದ್ದಷ್ಟೂ ಗಟ್ಟಿ

ದಾವಣಗೆರೆ, ಹರಿಹರದ ಕಡೆ ಅಕ್ಕಿ ಗಿರಣಿಗಳಿಗೆ ಕೊರತೆಯಿಲ್ಲ. ಭತ್ತ ಬೇಯಿಸೋಕೆ ಬಾಯ್ಲರ್ ಬೇಕು, ಅದಕ್ಕೆ ಹೊಟ್ಟಿನ ಉರಿ. ಬಾಯ್ಲರ್ ಗೋಡೆಗೆ ಬೆಂಕಿ ಇಟ್ಟಿಗೆ ಸರಿ. ಆದರೆ ಬಾಗಿಲ ಸುತ್ತ, ಪೈಪ್ ಹಾಯುವ ಸಂದಿನಲ್ಲಿ ಇಟ್ಟಿಗೆ ಕತ್ತರಿಸಿ ಕೂರಿಸುವುದು ತಲೆನೋವು. ಅಲ್ಲಿಗೆ ಕ್ಯಾಸ್ಟಬಲ್, ಅಂದರೆ ಬೆಂಕಿ ತಡೆಯುವ ಎರಕದ ಗಾರೆ ಬೇಕು. ಮೂಟೆಯ ಪುಡಿಗೆ ನೀರು ಕಲಸಿ, ಶಟರಿಂಗ್ ಒಳಗೆ ಸುರಿದು, ವೈಬ್ರೇಟರ್ ಹಿಡಿದರೆ ಬೇಕಾದ ಆಕಾರ ಸಿಗುತ್ತದೆ.

ಮನೆ ಕಟ್ಟುವ ಸಿಮೆಂಟನ್ನೇ ಮೆತ್ತಿದರೆ ಆಗಲ್ವಾ? ಆಗಲ್ಲ. ಅದು ಗಟ್ಟಿಯಾಗುವಾಗ ಒಳಗೆ ಅರಳಿದ ಸುಣ್ಣ ಹುಟ್ಟುತ್ತದೆ. ಸುಮಾರು 450 ಡಿಗ್ರಿಗೆ ಅದು ನೀರು ಬಿಟ್ಟು ಸುಟ್ಟ ಸುಣ್ಣವಾಗುತ್ತದೆ. ಬಾಯ್ಲರ್ ಆರಿದ ಮೇಲೆ ಗಾಳಿಯ ತೇವ ಕುಡಿದು ಮತ್ತೆ ಅರಳುತ್ತದೆ, ಉಬ್ಬಿ ಗಾರೆಯನ್ನು ಸೀಳುತ್ತದೆ.

ಕ್ಯಾಸ್ಟಬಲ್‌ನಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಲ್ಸಿಯಂ ಅಲ್ಯುಮಿನೇಟ್ ಸಿಮೆಂಟ್. ಬಾಕ್ಸೈಟ್ ಮತ್ತು ಸುಣ್ಣದಕಲ್ಲಿನಿಂದ ಅದನ್ನು ಮಾಡುವ ವಿಧಾನಕ್ಕೆ ಫ್ರಾನ್ಸಿನ ಲಫಾರ್ಜ್ ಕಂಪನಿಯ ಜೂಲ್ ಬಿಯೇ 1908ರಲ್ಲಿ ಪೇಟೆಂಟ್ ಪಡೆದರು. ತಮಾಷೆ ಅಂದ್ರೆ, ಅವರು ಹುಡುಕುತ್ತಿದ್ದದ್ದು ಸಲ್ಫೇಟ್ ಇರುವ ನೀರಿಗೆ ತಡೆಯುವ ಸಿಮೆಂಟನ್ನು. ಬೆಂಕಿಯ ಕೆಲಸಕ್ಕೆ ಅದು ಒದಗಿದ್ದು ಆಮೇಲೆ.

ಈ ಸಿಮೆಂಟಿನ ಹಿಡಿತವೂ ನೀರಿನದೇ. 200ರಿಂದ 400 ಡಿಗ್ರಿಯೊಳಗೆ ಆ ನೀರು ಹೋಗುತ್ತದೆ, ಬಲ ಕುಗ್ಗುತ್ತದೆ. ಸಾವಿರ ಡಿಗ್ರಿ ದಾಟಿದ ಮೇಲೆ ಮಿಶ್ರಣದಲ್ಲಿನ ಖನಿಜದ ಕಾಳುಗಳೇ ಒಂದಕ್ಕೊಂದು ಬೆಸೆದುಕೊಳ್ಳತೊಡಗುತ್ತವೆ. ಅಂದರೆ ಬೆಂಕಿ ಮುಟ್ಟುವ ಮುಖದಲ್ಲಿ ಸಿಮೆಂಟ್ ಬರೀ ಹಂಗಾಮಿ ನೌಕರ. ಹಿಂಭಾಗ ಅಷ್ಟು ಕಾಯುವುದಿಲ್ಲ, ಅಲ್ಲಿ ಕೊನೆವರೆಗೂ ಸಿಮೆಂಟೇ ಗತಿ. ಆದರೆ ಅದರಲ್ಲಿನ ಸುಣ್ಣ ಜಾಸ್ತಿಯಾದರೆ ಮಿಶ್ರಣದಲ್ಲಿನ ಸಿಲಿಕಾ, ಅಲ್ಯುಮಿನಾ ಜೊತೆ ಸೇರಿ ಬೇಗ ಕರಗುತ್ತದೆ. ಹಳೇ ಮಿಶ್ರಣಗಳಲ್ಲಿ ನೂರಕ್ಕೆ 15ರಿಂದ 30 ಪಾಲು ಸಿಮೆಂಟ್ ಇರುತ್ತಿತ್ತು. 'ಲೋ ಸಿಮೆಂಟ್' ಮಾಲಿನಲ್ಲಿ ಅದು ಎಂಟಕ್ಕಿಂತ ಕಮ್ಮಿ. ಕಾಳುಗಳ ಸಂದಿಗೆ ಹೊಗೆಯಷ್ಟು ನುಣುಪಾದ ಸಿಲಿಕಾ ಪುಡಿ (ಮೈಕ್ರೋಸಿಲಿಕಾ) ತುಂಬುತ್ತಾರೆ, ಕಲಸಲು ಸುಮಾರು ಅರ್ಧದಷ್ಟು ನೀರು ಸಾಕು. ಸಿಮೆಂಟೇ ಇಲ್ಲದೆ ಫಾಸ್ಫೇಟ್ ಅಥವಾ ಸಿಲಿಕಾ ದ್ರಾವಣದಿಂದ ಕಟ್ಟುವ ಜಾತಿಗಳೂ ಇವೆ.

ಸಂದೇ ಇಲ್ಲದ ಗೋಡೆಗೆ ಒಂದು ಕಾಟ ಇದೆ. ಕಾದಾಗ ಒಳಗಿನ ಆವಿ ಹೊರಬರಲು ದಾರಿಯಿಲ್ಲ. ಒಮ್ಮೆಲೇ ಉರಿ ಕೊಟ್ಟರೆ ಗೋಡೆ ಸಿಡಿಯುತ್ತದೆ. ಅದಕ್ಕೇ ಪಾಲಿಪ್ರೊಪಿಲೀನ್ ಎಳೆ ಬೆರೆಸುತ್ತಾರೆ. ಸುಮಾರು 165 ಡಿಗ್ರಿಗೆ ಎಳೆ ಕರಗಿ ಸಣ್ಣ ಕೊಳವೆಗಳಾಗುತ್ತವೆ, ಆವಿ ಅಲ್ಲಿಂದ ಜಾರುತ್ತದೆ. ಆದರೂ ನಿಧಾನ ಬೇಕೇ ಬೇಕು. ನನ್ನ ಕೇಳಿದರೆ, ದುಬಾರಿ ಮಾಲು ಕೆಡುವುದು ಸುಗ್ಗಿಯ ಅವಸರಕ್ಕೆ. ಹೊಟ್ಟಿನ ಉರಿ ಹದಕ್ಕೆ ಸಿಗುವುದು ಕಷ್ಟ, ಹಾಗಾಗಿ ಮೊದಲು ಸೌದೆಯಲ್ಲಿ ಸಣ್ಣ ಉರಿ ಹಾಕಿ ಒಣಗಿಸಿಕೊಳ್ಳುವುದು ಲೇಸು.