ಪದ ಪರಿಚಯ: ಸ್ಯಾಟಿನ್ ಪೋಥೋಸ್

ಕಡು ಹಸಿರು ಎಲೆಯ ಮೇಲೆ ಬೆಳ್ಳಿ ಚುಕ್ಕೆ ಚೆಲ್ಲಿದಂತಿರುವ ಈ ಇಳಿಬೀಳುವ ಬಳ್ಳಿಯನ್ನು ನರ್ಸರಿಗಳಲ್ಲಿ ‘ಸಿಲ್ವರ್ ಮನಿ ಪ್ಲಾಂಟ್’ ಎಂದು ಕೊಡುವುದುಂಟು. ಆ ಹೆಸರು ನಂಬಿ ಮನಿ ಪ್ಲಾಂಟಿನಂತೆ ನೀರು ಹಾಕಿದರೆ ಬೇರು ಕೊಳೆಯುತ್ತದೆ.

ಇದರ ಶಾಸ್ತ್ರೀಯ ಹೆಸರು ಸಿಂಡಾಪ್ಸಸ್ ಪಿಕ್ಟಸ್. ‘ಪಿಕ್ಟಸ್’ ಅಂದರೆ ಲ್ಯಾಟಿನ್‌ನಲ್ಲಿ ಚಿತ್ರ ಬಿಡಿಸಿದ್ದು. ‘ಸ್ಯಾಟಿನ್’ ಎಂದದ್ದು ಎಲೆಯ ರೇಷ್ಮೆ ಹೊಳಪಿಗೆ. ಪೋಥೋಸ್ ಎಂಬುದು ಬೇರೆಯೇ ಕುಲ. 1880ರಲ್ಲಿ ಮನಿ ಪ್ಲಾಂಟನ್ನು ಅದರೊಳಗೆ ಸೇರಿಸಿದ್ದರು, ಆಮೇಲೆ ತೆಗೆದರು. ಹಳೆಯ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದು, ನೋಡಲು ಅದರಂತಿರುವ ಈ ಬಳ್ಳಿಗೂ ಅಂಟಿಕೊಂಡಿತು. ಪೋಥೋಸ್, ಮನಿ ಪ್ಲಾಂಟ್, ಈ ಬಳ್ಳಿ ಮೂರೂ ಕೆಸುವಿನ ಕುಟುಂಬದವು. ಹಸಿ ಕೆಸು ಕಚ್ಚಿದರೆ ಬಾಯಿ ತುರಿಸುವಂತೆ ಇದರ ಎಲೆ ಕಚ್ಚಿದರೂ ಬಾಯಿ ಉರಿಯುತ್ತದೆ. ಮಗು, ಬೆಕ್ಕಿಗೆ ಎಟುಕದಂತೆ ತೂಗುಹಾಕಿ.

ಬಿದರಿ ಹೂಜಿಯಲ್ಲಿ ಬೆಳ್ಳಿಯನ್ನು ಗೀರಿನೊಳಗೆ ಕೂರಿಸಿರುತ್ತಾರೆ. ಎಲೆಯ ಬೆಳ್ಳಿ ಹಾಗಲ್ಲ, ಅದು ಬಣ್ಣವೂ ಅಲ್ಲ. ಮೇಲ್ಪದರಕ್ಕೂ ಅದರ ಕೆಳಗಿನ ಹಸಿರು ಕೋಶಗಳಿಗೂ ನಡುವೆ ಗಾಳಿಯ ಸಣ್ಣ ಸಣ್ಣ ಪೊಳ್ಳುಗಳಿವೆ. ಬೆಳಕು ಅಲ್ಲಿಗೆ ಬಡಿದು ಚದುರಿ ಹಿಂತಿರುಗುವುದೇ ನಮಗೆ ಬೆಳ್ಳಿಯಾಗಿ ಕಾಣುವುದು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಅದು ಹೋಗುವುದಿಲ್ಲ, ಧೂಳು ಹೋಗಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಆಗ್ನೇಯ ಏಷ್ಯಾದ ಮಳೆಕಾಡಿನಲ್ಲಿ ಇದು ಮರ ಹಬ್ಬುವ ಬಳ್ಳಿ. ಅಲ್ಲಿನ ತೇವದ ನೆರಳೆಲ್ಲಿ, 42 ಡಿಗ್ರಿ ದಾಟುವ ಕಲಬುರಗಿ, ಯಾದಗಿರಿಯ ಬೇಸಿಗೆಯೆಲ್ಲಿ! ಪೂರ್ವದ ಕಿಟಕಿಯಿಂದ ಮೂರು ಅಡಿ ಒಳಗೆ ಇಡಿ. ಪಶ್ಚಿಮದ ಬಿಸಿಲು ತಾಕಿದರೆ ಎಲೆ ಕಂದು ಬಣ್ಣಕ್ಕೆ ಸುಡುತ್ತದೆ. ಬಿಸಿಲಿಗೆ ಕಾಯುವ ಶಹಾಬಾದ್ ಫರಸಿಯ ಮೇಲೆ ಕುಂಡ ಇಡಬೇಡಿ, ಬೇರು ಬೇಯುತ್ತದೆ. ಕೂಲರ್ ಇರುವ ಕೋಣೆ ಇದಕ್ಕೆ ಹಿತ, ಆದರೆ ಗಾಳಿ ನೇರ ಬಡಿಯಬಾರದು. ರಾತ್ರಿ 15 ಡಿಗ್ರಿಗಿಂತ ಕೆಳಗಿಳಿಯುವ ಬೀದರ್ ಚಳಿಯಲ್ಲಿ ಬೆಳವಣಿಗೆ ನಿಲ್ಲುತ್ತದೆ. ಆಗ ಗೊಬ್ಬರ ಬೇಡ.

ಎರೆ ಮಣ್ಣು ಇದಕ್ಕೆ ಆಗದು: ನೆನೆದರೆ ನೀರು ಬಿಡುವುದಿಲ್ಲ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕಡಲೆಕಾಳಿನಷ್ಟು ದಪ್ಪದ ಇಟ್ಟಿಗೆ ಚೂರು ಬೆರೆಸಿ, ತಳದಲ್ಲಿ ತೂತಿರುವ ಐದಾರು ಇಂಚಿನ ಕುಂಡಕ್ಕೆ ತುಂಬಿ.

ನೀರಿಗೆ ವಾರ, ದಿನ ಲೆಕ್ಕ ಇಡಬೇಡಿ. ಬೆರಳು ಎರಡು ಇಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ತಳದಿಂದ ಸೋರುವಷ್ಟು ಹಾಕಿ. ಬಾಯಾರಿದಾಗ ಗಿಡವೇ ಹೇಳುತ್ತದೆ: ಎಲೆಯ ಎರಡೂ ಅಂಚು ಒಳಕ್ಕೆ ಮಡಚಿ, ವೀಳ್ಯ ಸುತ್ತಿದಂತೆ ಆಗುತ್ತದೆ. ನೀರು ಕೊಟ್ಟರೆ ಮರುದಿನದೊಳಗೆ ಬಿಚ್ಚಿಕೊಳ್ಳುತ್ತದೆ. ಮಣ್ಣು ಒದ್ದೆಯಿದ್ದೂ ಎಲೆ ಸುತ್ತಿದರೆ ಬೇರು ಕೊಳೆತಿರುವ ಶಂಕೆ. ಆಗ ಮತ್ತೆ ನೀರು ಹಾಕುವುದೇ ದೊಡ್ಡ ತಪ್ಪು. ಗಿಡ ಕಿತ್ತು, ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ, ಹೊಸ ಮಿಶ್ರಣಕ್ಕೆ ಹಾಕಿ.

ಬೋರಿನ ಸವಳು ನೀರಿನಿಂದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿ ಎಲೆ ತುದಿ ಒಣಗುತ್ತದೆ. ಮಳೆನೀರು ಹಿಡಿದಿಟ್ಟುಕೊಂಡಿದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಎರಡು ತಿಂಗಳಿಗೊಮ್ಮೆ ಫಿಲ್ಟರ್ ಘಟಕದ ಸಿಹಿನೀರನ್ನು ಕುಂಡದ ಅಳತೆಯ ಮೂರು ಪಟ್ಟು ಹರಿಸಿ ಉಪ್ಪು ತೊಳೆಯಿರಿ.

ಬಳ್ಳಿ ಉದ್ದವಾಗಿ ಇಳಿದು ಕುಂಡದ ಬಾಯಿ ಬೋಳಾದರೆ, ಒಂದೆರಡು ಎಳೆಯನ್ನು ಮಣ್ಣಿನ ಮೇಲೆ ಸುತ್ತಿ ತಲೆಪಿನ್ನಿನಿಂದ ಗಣ್ಣು ಮಣ್ಣಿಗೆ ತಾಗುವಂತೆ ಒತ್ತಿ ಹಿಡಿಸಿ. ಅಲ್ಲೇ ಬೇರು ಬಿಟ್ಟು ಚಿಗುರುತ್ತದೆ. ಕತ್ತರಿಸಿ ನೀರಲ್ಲಿಡುವುದಾದರೆ ಎರಡು ಗಣ್ಣಾದರೂ ಇರಲಿ, ಬರೀ ಎಲೆಯಿಂದ ಗಿಡವಾಗುವುದಿಲ್ಲ. ಬೇರು ಬರಲು ಮೂರು ನಾಲ್ಕು ವಾರ ಬೇಕು, ಮನಿ ಪ್ಲಾಂಟಿನ ಅವಸರ ಇದಕ್ಕಿಲ್ಲ.