ಮುಂಬೈಯಲ್ಲಿ ಸರ್ವೆ ಅಂದ್ರೆ ಏನು: ಜೋಪಡಪಟ್ಟಿಗಳ (ಕೊಳೆಗೇರಿಗಳ) ಬಗ್ಗೆ ಓದುವವರಿಗೆ ನನ್ನ ಟಿಪ್ಪಣಿ

ನಗರದ ಬಡವರ ಬಗ್ಗೆ ಓದಲು ಶುರು ಮಾಡಿದಾಗ ನಾನು ಯೋಜನೆಗಳ ಹೆಸರನ್ನೇ ಬಾಯಿಪಾಠ ಮಾಡುತ್ತಿದ್ದೆ. ಓಣಿಗೆ ಹೋದ ಮೇಲೆ ಗೊತ್ತಾಯಿತು, ಮುಂಬೈಯಲ್ಲಿ ಮೊದಲು ಕಲಿಯಬೇಕಾದದ್ದು ತಾರೀಖುಗಳನ್ನು. ಯಾವ ತಾರೀಖಿಗಿಂತ ಮುಂಚೆ ಇಲ್ಲಿದ್ದಿರಿ, ಅದಕ್ಕೆ ಕಾಗದ ಇದೆಯಾ? ಮನೆ ಸಿಗುವುದೂ ಹೋಗುವುದೂ ಇದರ ಮೇಲೆ.

1976ರಲ್ಲಿ ಸರ್ಕಾರ ಇಲ್ಲಿನ ಜೋಪಡಿಗಳನ್ನು ಎಣಿಸಿ, ಲೆಕ್ಕಕ್ಕೆ ಬಂದವರಿಗೆ ಫೋಟೋಪಾಸ್, ಅಂದರೆ ಫೋಟೋ ಇರುವ ಗುರುತಿನ ಚೀಟಿ, ಕೊಟ್ಟಿತು. ಆ ಚೀಟಿ ಎಷ್ಟು ದೊಡ್ಡದಾಯಿತು ಅಂತ ತಿಳಿಯಲು ಓಲ್ಗಾ ಟೆಲಿಸ್ ಪ್ರಕರಣ ನೋಡಿ. 1981ರ ಜುಲೈಯಲ್ಲಿ, ಮಳೆಗಾಲದ ನಡುವೆ, ಫುಟ್‌ಪಾತ್ ಮೇಲಿದ್ದವರನ್ನು ಎಬ್ಬಿಸಿ ಅವರವರ ಊರಿಗೆ ಕಳಿಸುತ್ತೇವೆ ಅಂತ ಆಗಿನ ಮುಖ್ಯಮಂತ್ರಿ ಘೋಷಿಸಿದರು. ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತಿತರರ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1985ರ ತೀರ್ಪು ದುಡಿದು ತಿನ್ನುವ ಹಕ್ಕೂ ಬದುಕುವ ಹಕ್ಕಿನೊಳಗೇ ಬರುತ್ತದೆ ಅಂತ ಹೇಳಿತು. ಪರೀಕ್ಷೆಗೆ ನಾವೆಲ್ಲ ಇಷ್ಟೇ ಬರೆಯುತ್ತೇವೆ, ಅಲ್ವಾ? ದಯವಿಟ್ಟು ಮುಂದಕ್ಕೂ ಓದಿ. ನೋಟಿಸ್ ಕೊಟ್ಟು ತೆರವು ಮಾಡಬಹುದು ಅಂತಲೂ ಕೋರ್ಟ್ ಹೇಳಿತು, ಬದಲಿ ಜಾಗದ ಮಾತು ಬಂದಾಗ 1976ರ ಎಣಿಕೆಯ ಕಾರ್ಡ್ ಇದ್ದವರನ್ನು ಹೆಸರಿಸಿತು. ಒಂಬತ್ತು ವರ್ಷದ ಹಿಂದೆ ಯಾರೋ ಬಂದು ಹೆಸರು ಬರೆದುಕೊಂಡಿದ್ದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು.

ಅದೇ ಹೊತ್ತಿಗೆ ಮುಂಬೈಯ ಬೈಕುಲ್ಲಾ ಸುತ್ತಮುತ್ತ ಬೇರೆ ಥರದ ಎಣಿಕೆ ನಡೆಯಿತು. 1984ರಲ್ಲಿ ಶುರುವಾದ ಸ್ಪಾರ್ಕ್ ಸಂಸ್ಥೆ ಫುಟ್‌ಪಾತ್ ಮೇಲಿನ ಸುಮಾರು 6,000 ಕುಟುಂಬಗಳ ಸರ್ವೆ ಮಾಡಿತು. ಅಲ್ಲಿಯ ಹೆಂಗಸರು ಸೇರಿ ಮುಂದೆ ಮಹಿಳಾ ಮಿಲನ್ ಅನ್ನುವ ಸಂಘ ಆಯಿತು. ಇವರ ಜೊತೆ ನಿಂತ, ಜೋಪಡಿಯವರನ್ನು ಸಂಘಟಿಸುತ್ತಿದ್ದ ಜಾಕಿನ್ ಅರ್ಪುತಂ ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದವರು. ಅವರಿದ್ದ ಜನತಾ ಕಾಲೊನಿಯನ್ನು 1976ರಲ್ಲಿ ಕೆಡವಿ ಜನರನ್ನು ಚೀತಾ ಕ್ಯಾಂಪ್ ಅನ್ನುವ ಜಾಗಕ್ಕೆ ಹಾಕಿದರು. ಮನೆಗೆ ನಂಬರ್ ಹಾಕುವುದು, ನಕ್ಷೆ ಬರೆಯುವುದು, ಪಟ್ಟಿಯನ್ನು ಓಣಿಯವರ ಮುಂದಿಟ್ಟು ತಿದ್ದಿಸುವುದು, ಎಲ್ಲವನ್ನೂ ಅಲ್ಲಿರುವವರೇ ಮಾಡಬೇಕು ಅನ್ನುವುದು ಇವರ ರೀತಿ. ನನಗೆ ಇದು ತುಂಬಾ ಸರಿ ಅನಿಸುತ್ತದೆ. ತನ್ನ ಓಣಿಯ ಲೆಕ್ಕ ಕೈಯಲ್ಲಿದ್ದವರು ಅಧಿಕಾರಿ ಎದುರು ಕೂತು ಮಾತಾಡಬಲ್ಲರು.

1995ರಲ್ಲಿ ಎಸ್‌ಆರ್‌ಎ, ಅಂದರೆ ಜೋಪಡಪಟ್ಟಿ ಪುನರ್ವಸತಿ ಪ್ರಾಧಿಕಾರ, ಬಂತು. ಬಿಲ್ಡರ್ ಜಾಗದ ಒಂದು ಭಾಗದಲ್ಲಿ ಜೋಪಡಿಯವರಿಗೆ ಪುಕ್ಕಟೆ ಮನೆ ಕಟ್ಟಬೇಕು, ಉಳಿದದ್ದನ್ನು ಮಾರಿ ಲಾಭ ಮಾಡಿಕೊಳ್ಳಬೇಕು. ಆಗ ಮನೆ 225 ಚದರಡಿ, ಈಗ 300. ಯಾವ ದಿನದೊಳಗೆ ಇಲ್ಲಿ ಇದ್ದಿರಬೇಕು ಅನ್ನುವ ಕಟ್‌ಆಫ್ ಮೊದಲು 1995ರ ಜನವರಿ 1 ಇತ್ತು, ಆಮೇಲೆ 2000ದ ಜನವರಿ 1 ಆಯಿತು. ಅರ್ಹತೆಯ ಪಟ್ಟಿಗೆ ಪರಿಶಿಷ್ಟ ಎರಡು (ಎರಡನೇ ಅನುಬಂಧ) ಅಂತಾರೆ, ಅದರಲ್ಲಿ ಹೆಸರಿನ ಮುಂದೆ ಮರಾಠಿಯಲ್ಲಿ 'ಪಾತ್ರ' ಅಥವಾ 'ಅಪಾತ್ರ' ಅಂತ ಇರುತ್ತದೆ. ನಮ್ಮ 'ಮೆಚ್ಚುಗೆಗೆ ಪಾತ್ರ' ಅನ್ನುವಾಗಿನ ಪಾತ್ರವೇ ಅದು, ಅಂದರೆ ಅರ್ಹ. ಒಬ್ಬ ಹೆಂಗಸನ್ನು ಅಪಾತ್ರ ಅಂತ ಕನ್ನಡದಲ್ಲಿ ಓದಿ ಹೇಳುವಾಗ ನಾಲಿಗೆ ತಡೆಯುತ್ತದೆ.

ನಾನು ಓದಿ ಹೇಳಿದ್ದೇನೆ. ಮಾನ್‌ಖುರ್ದ್ ಕಡೆ, ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದು ಇಲ್ಲೇ ಮುದುಕಿಯಾದ ಒಬ್ಬ ಅವ್ವ. ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಹಳೇ ಲೈಟ್ ಬಿಲ್ಲು, ರೇಷನ್ ಕಾರ್ಡು, ಮೊಮ್ಮಗನ ಶಾಲೆ ದಾಖಲೆ ಒಂದೊಂದೇ ತೆಗೆದು ನೆಲದ ಮೇಲೆ ಹರಡಿದರು. ಮಡಿಕೆ ಇದ್ದ ಕಡೆ ಕಾಗದ ಹರಿದು, ಅಕ್ಷರವೇ ಹೋಗಿತ್ತು. "ಎಲ್ಲಾ ಅದಾವ ನೋಡು ತಮ್ಮಾ, ಯಾವುದು ನಡೀತದ ನೀನೇ ಹೇಳಪ್ಪಾ" ಅಂದರು. ಒಂದರಲ್ಲಿ ಶರಣಮ್ಮ, ಇನ್ನೊಂದರಲ್ಲಿ ಶರಣಾಬಾಯಿ. ಹೆಸರು ಬರೆದುಕೊಂಡವನಿಗೆ ಕನ್ನಡ ಬರುತ್ತಿರಲಿಲ್ಲ, ಇವರಿಗೆ ಓದಲು ಬರುತ್ತಿರಲಿಲ್ಲ. ಅಷ್ಟಕ್ಕೇ ಅಪಾತ್ರ.

ತಾರೀಖು ನೀರಿಗೂ ಬಂದಿತ್ತು. 2000ದ ನಂತರದ ಜೋಪಡಿಗಳಿಗೆ ನಲ್ಲಿ ಇಲ್ಲ ಅನ್ನುವ ಸ್ಥಿತಿ ಇತ್ತು. ನೀರಿನ ಹಕ್ಕಿಗಾಗಿ ಹೋರಾಡುವ ಪಾನಿ ಹಕ್ ಸಮಿತಿ ಕೋರ್ಟಿಗೆ ಹೋಯಿತು. ಜೋಪಡಿ ಅನಧಿಕೃತ ಅನ್ನುವ ಕಾರಣಕ್ಕೆ ಕುಡಿಯುವ ನೀರು ಕೊಡದೇ ಇರುವಂತಿಲ್ಲ ಅಂತ 2014ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಈ ತೀರ್ಪನ್ನು ಓಲ್ಗಾ ಟೆಲಿಸ್ ಪಕ್ಕ ಇಟ್ಟು ಓದಿ, ಎರಡೂ ಜಾಸ್ತಿ ಅರ್ಥವಾಗುತ್ತವೆ.

ಇನ್ನು ನೀವು ಸರ್ವೆಗೆ ಹೋಗುವಾಗ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಮನೆಗೆಲಸದವರು, ನಾಕಾದಲ್ಲಿ ಕೂಲಿಗೆ ನಿಲ್ಲುವವರು ಯಾರೂ ಸಿಗುವುದಿಲ್ಲ. ಬೀಗ ಕಂಡ ಕೂಡಲೇ 'ಖಾಲಿ' ಅಂತ ಬರೆದು ಬಿಡಬೇಡಿ, ರಾತ್ರಿಯೋ ಭಾನುವಾರವೋ ಮತ್ತೆ ಹೋಗಿ. ಬಾಗಿಲು ಎಣಿಸಿ ಸುಮ್ನೆ ಮುಂದೆ ಹೋಗಬೇಡಿ, ಏಣಿ ಎಲ್ಲೆಲ್ಲಿದೆ ನೋಡಿ. ಮಾಳಿಗೆ ಮೇಲೆ ಇನ್ನೊಂದು ಸಂಸಾರ ಇರುತ್ತದೆ, ಬಾಡಿಗೆಯವರೇ ಇರಬಹುದು, ಅವರು ತಾವಾಗಿ ಬಾಯಿ ಬಿಡುವುದಿಲ್ಲ. ಹೆಸರನ್ನು ಅವರು ಹೇಳಿದ ಹಾಗೆ ಕನ್ನಡದಲ್ಲೂ ಕಾಗದದಲ್ಲಿದ್ದ ಹಾಗೆ ಮರಾಠಿಯಲ್ಲೂ, ಎರಡನ್ನೂ ಬರೆದುಕೊಳ್ಳಿ.

ಹೊರಡುವ ಮುಂಚೆ ಬರೆದದ್ದನ್ನು ಓಣಿಯಲ್ಲಿ ಜೋರಾಗಿ ಓದಿ. ನಾವು ಹೀಗೆ ಓದಿದ ದಿನ ನಲ್ಲಿ ಹತ್ತಿರ ನಿಂತಿದ್ದ ಒಬ್ಬ ಹುಡುಗಿ ಕೊಡ ಕೆಳಗಿಟ್ಟು, "ಅಣ್ಣಾ, ನಮ್ಮನಿ ಬರಲಿಲ್ಲಲ್ಲ" ಅಂದಳು. ಅವರು ಮಾಳಿಗೆ ಮೇಲಿನವರು.